ಲಿವರಿಗೊಂದು ಉಪವಾಸ

ವಾರಕ್ಕೆ ಮೂರು ದಿನ ಉಪವಾಸ ಮಾಡುವ ತನ್ನ ಲಿವರಿಗೆ ಕೊಬ್ಬು ಹಿಡಿದದ್ದು ಹೇಗೆಂಬುದೇ ಜಲಜಾಕ್ಷಿಗೆ ಬಗೆಹರಿಯಲಿಲ್ಲ. ಗಂಡ ಕಿಟ್ಟಣ್ಣನ ಕೊಬ್ಬು ಚೆನ್ನೈಯ ಇಡೀ ಟಿ. ನಗರಕ್ಕೇ ಗೊತ್ತಿದ್ದದ್ದು. ಸ್ವಂತ ಹೋಟೆಲು, ದಿನಕ್ಕೆರಡು ತುಪ್ಪದ ದೋಸೆಯ 'ರುಚಿ ನೋಡುವುದು' ಅವನ ಉದ್ಯೋಗಧರ್ಮ. ಆದರೆ ಸ್ಕ್ಯಾನಿನಲ್ಲಿ ಇಬ್ಬರಿಗೂ ಫ್ಯಾಟಿ ಲಿವರ್ ಎಂದೇ ಬಂದಿತ್ತು!

ಲಿವರಿನಲ್ಲಿ ಕೊಬ್ಬಿದ್ದವರು ಹೃದಯದ ಬಗ್ಗೆಯೂ ಎಚ್ಚರ ವಹಿಸಬೇಕು, ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ನೋಡಿದರೆ ರಕ್ತವೇ ಮುನ್ಸೂಚನೆ ಕೊಡುತ್ತದೆ ಎಂದು ಡಾಕ್ಟರಮ್ಮ ತಮಿಳಿನಲ್ಲಿ ತಿಳಿಹೇಳಿದರು. "ನಾಳೈಕ್ಕಿ ಫಾಸ್ಟಿಂಗ್‌ಲ ವಾಂಗಮ್ಮಾ," ಎಂದು ಇಬ್ಬರನ್ನೂ ಮರುದಿನ ರಕ್ತ ಕೊಡಲು ಬರಹೇಳಿದರು.

ಹೃದಯ ಎಂದಾಗ ಧಸಕ್ಕೆಂದ ಜಲಜಾಕ್ಷಿಯ ಎದೆ, ಫಾಸ್ಟಿಂಗ್ ಎಂದಾಗ ಉಬ್ಬಿತು. ಉಪವಾಸವೆ? ಅದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

ಮರುದಿನ ಬೆಳಗ್ಗೆ ಮಿಂದು, ದೀಪ ಹಚ್ಚಿ, ಶಾಸ್ತ್ರೋಕ್ತ ಉಪವಾಸಕ್ಕೆ ಅಣಿಯಾದಳು. ಅಂದರೆ ಅನ್ನ ಮುಟ್ಟುವಂತಿಲ್ಲ. ಕಾಯಿ-ಬೆಲ್ಲದ ಅವಲಕ್ಕಿ, ತುಪ್ಪ ಸುರಿದ ಸಜ್ಜಿಗೆ, ಬಾಳೆಹಣ್ಣಿನ ರಸಾಯನ, ಇಷ್ಟೇ. (ವ್ರತವೆಂದ ಮೇಲೆ ಕಷ್ಟ ಸಹಿಸಲೇಬೇಕು.)

"ಹೋಯ್, ಫಲಾಹಾರಕ್ಕೆ ಬನ್ನಿ!"

"ನಂಗೆ ಬೇಡ ಮಾರಾಯ್ತಿ. ಸೂಜಿ ನೆನೆಸಿದ್ರೇ ಹಸಿವೆ ಓಡಿಹೋಗ್ತದೆ."

"ಉಪವಾಸದ ದಿನ ಯಾರಾದ್ರೂ ಏನೂ ತಿನ್ನದೆ ಇರ್ತಾರಾ? ತಲೆ ತಿರುಗಿ ಬಿದ್ರೆ?"

ಕಿಟ್ಟಣ್ಣ ಜಗ್ಗಲಿಲ್ಲ. ದೇವರ ಮುಂದಿಟ್ಟದ್ದನ್ನು ಎಸೆಯುವುದುಂಟೆ? ಅವನ ತಟ್ಟೆಯನ್ನೂ ಅವಳೇ ಭಕ್ತಿಯಿಂದ ಖಾಲಿ ಮಾಡಿದಳು.

ಸಂಜೆ ಕಿಟ್ಟಣ್ಣನ ರಿಪೋರ್ಟ್ ನೋಡಿ ಡಾಕ್ಟರಮ್ಮ ಪರವಾಗಿಲ್ಲ ಎಂದರು. ಜಲಜಾಕ್ಷಿಯದನ್ನು ಕಂಡದ್ದೇ ಕನ್ನಡಕ ಸರಿಮಾಡಿಕೊಂಡರು. ನೂರೈವತ್ತರೊಳಗಿರಬೇಕಾದ ಟ್ರೈಗ್ಲಿಸರೈಡ್ ನಾನೂರು ದಾಟಿತ್ತು.

ಜಲಜಾಕ್ಷಿಗೆ ಬಾಗಿಲಲ್ಲಿ ಯಮನ ಕೋಣ ನಿಂತಂತಾಯಿತು.

"ಅಮ್ಮಾ, ಫಾಸ್ಟಿಂಗ್‌ಲ ತಾನೆ ವಂದೀಂಗ?"

ಉಪವಾಸದಲ್ಲೇ ಬಂದದ್ದು, ಒಂದಗುಳು ಅನ್ನ ಮುಟ್ಟಲಿಲ್ಲವೆಂದು ಆಣೆಯಿಟ್ಟಳು. ಪ್ರಾಮಾಣಿಕಳಾದ್ದರಿಂದ ಫಲಾಹಾರದ ಪಟ್ಟಿಯನ್ನೂ ಒಪ್ಪಿಸಿದಳು. ಡಾಕ್ಟರಮ್ಮನ ಪೆನ್ನು ಮೇಜಿನ ಮೇಲೆ ಬಿತ್ತು.

"ನನ್ನ ಉಪವಾಸವನ್ನೂ ಇವಳೇ ಮಾಡಿದ್ದು ಡಾಕ್ಟ್ರೇ," ಎಂದ ಕಿಟ್ಟಣ್ಣ, ಬಲು ಗಂಭೀರವಾಗಿ.

ಡಾಕ್ಟರಮ್ಮ ನಗು ತಡೆದುಕೊಂಡು, ವಾರಕ್ಕೆ ಎಷ್ಟು ದಿನ ಇಂಥ ಉಪವಾಸ ಎಂದು ಕೇಳಿದರು. ಜಲಜಾಕ್ಷಿ ಬೆರಳು ಮಡಚತೊಡಗಿದಳು. ಸೋಮವಾರ, ಗುರುವಾರ, ಶನಿವಾರ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಂತೆ ಲಿವರಿನ ಕೊಬ್ಬಿನ ಮೂಲ ಅವಳಿಗೆ ಹೊಳೆದುಬಿಟ್ಟಿತು.

ಮತ್ತೊಮ್ಮೆ ರಕ್ತ ಕೊಡುವ ದಿನ ಬಂತು. ಬರೀ ನೀರು ಕುಡಿದು, ದೇವರ ಮುಂದೆ ನಿಂತು ಕೈಮುಗಿದಳು.

"ಸ್ವಾಮೀ, ಇದು ನನ್ನ ಮೊದಲ ಉಪವಾಸ. ಇಷ್ಟು ವರ್ಷದ ತಪ್ಪನ್ನೆಲ್ಲ ನೀನೇ ಹೊಟ್ಟೆಗೆ ಹಾಕ್ಕೋ. ನಾನಂತೂ ಇವತ್ತು ಏನೂ ಹಾಕ್ಕೊಳ್ಳುವ ಹಾಗಿಲ್ಲ."