ಜೀಪಿನೊಳಗಿನ ಗಲಗಲ ಸದ್ದು

ಕಳೆದ ವರ್ಷ, ಪಿಯುಸಿ ಪರೀಕ್ಷೆಯ ಹಿಂದಿನ ವಾರ, ಬುಧವಾರದಿಂದ ಸೋಮವಾರದವರೆಗೆ.

ಹಳೆಯ ವಾಹನ ಇಟ್ಟುಕೊಂಡವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ; ಒಂದನ್ನು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ. ನನ್ನದು ಹದಿನಾಲ್ಕು ವರ್ಷದ ಎಸ್‌ಯುವಿ. ನಮ್ಮ ನಗರಗೆರೆ ಕಡೆಯವರು ಅದನ್ನು ಜೀಪು ಎನ್ನುತ್ತಾರೆ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ, ನಮ್ಮ ಹಳ್ಳಿಯ ನಾಲ್ವರು ಹುಡುಗಿಯರನ್ನು ದಿನವೂ ಗೌರಿಬಿದನೂರಿನ ಕಾಲೇಜಿಗೆ, ಚಾಲಕನೊಬ್ಬನನ್ನು ಇಟ್ಟುಕೊಂಡು, ಅದರಲ್ಲೇ ಕಳುಹಿಸುತ್ತಿದ್ದೆ.

ಆ ವಾರ ಅದರೊಳಗೆ ಗಲಗಲ ಎಂಬ ಸದ್ದು ಶುರುವಾಯಿತು. ಹುಡುಗಿಯರಲ್ಲೊಬ್ಬಳ ತಂದೆ ಅದನ್ನು ಕೇಳಿಸಿಕೊಂಡರು.

"ಮೇಡಂ, ಪರೀಕ್ಷೆ ದಿನ ದಾರೀಲಿ ನಿಂತ್ರೆ ಒಂದು ವರ್ಷ ಹೋಯ್ತು. ಸದ್ದು ಏನಂತ ಗೊತ್ತಾಗೋವರ್ಗೂ ನಾನಂತೂ ಕಳ್ಸಲ್ಲ. ಬೇರೆ ಗಾಡಿ ಸಿಕ್ರೆ ಸರಿ, ಇಲ್ದಿದ್ರೆ ಮುಂದಿನ ಸಲ ಬರೀತಾಳೆ."

ಉಳಿದ ಮೂವರ ತಾಯಂದಿರೂ ತಲೆಯಾಡಿಸಿದರು. ಬೆಳಗಿನ ಬಸ್ಸು ಪರೀಕ್ಷೆಯ ಗಂಟೆ ಹೊಡೆದ ಮೇಲೆ ಗೌರಿಬಿದನೂರು ಮುಟ್ಟುತ್ತದೆ. ಪರೀಕ್ಷೆ ಶುರುವಾಗುವ ಸೋಮವಾರದೊಳಗೆ ಸದ್ದಿನ ಮೂಲ ಸಿಗಲೇಬೇಕಿತ್ತು.

೧. ಗೌರಿಬಿದನೂರು

ಇಲ್ಲಿಯ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ನಲವತ್ತು ದಾಟಿದ್ದಾನೆ. ನನ್ನನ್ನು ಕಂಡೊಡನೆ ಸ್ಪ್ಯಾನರನ್ನು ಬೆನ್ನ ಹಿಂದೆ ಮರೆಮಾಡಿ ನೆಟ್ಟಗೆ ನಿಂತ.

"ಎಲ್ಲರೂ ಮೌನವಾಗಿರಬೇಕು," ಎಂದೆ. "ಗಾಡಿಯ ರೇಡಿಯೊ, ಫ್ಯಾನು, ಎಲ್ಲವನ್ನೂ ಆರಿಸಿ. ಇಂಜಿನ್ ಒಂದೇ ಕೇಳಿಸಲಿ."

ಅವನು ಬಾನೆಟ್ ಎತ್ತಿ ನೋಡಿದ, ಕೆಳಗೆ ತೂರಿ ನೋಡಿದ, ಬಸ್ ನಿಲ್ದಾಣದವರೆಗೆ ಓಡಿಸಿಕೊಂಡು ಬಂದ. ಸದ್ದಿಲ್ಲ.

"ಬರುವಾಗ ದಾರಿಯುದ್ದಕ್ಕೂ ಕೇಳಿಸುತ್ತಿತ್ತಲ್ಲ!"

"ಕೇಳ್ಸಿರುತ್ತೆ ಮೇಡಂ," ಎಂದ ಅವನು, ತಲೆ ತಗ್ಗಿಸಿಕೊಂಡೇ. "ನೀವು ಮುಂದೆ ನಿಂತು ಸೈಲೆನ್ಸ್ ಅಂದ್ರೆ ಕ್ಲಾಸಿನ ಅಷ್ಟೂ ಜನ ಉಸಿರು ಬಿಡ್ತಿರ್ಲಿಲ್ಲ. ಇದೊಂದು ಗಾಡಿ, ಪಾಪ."

೨. ಚಿಕ್ಕಬಳ್ಳಾಪುರ

ಗುರುವಾರ ಹೆದ್ದಾರಿ ಬದಿಯ ದೊಡ್ಡ ವರ್ಕ್‌ಶಾಪಿಗೆ ಹೋದೆವು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಯುವತಿ ಕೇಳಿದಳು: "ಸೌಂಡ್ ಹೆಂಗ್ ಬರುತ್ತೆ ಆಂಟಿ? ಸ್ವಲ್ಪ ಮಾಡಿ ತೋರ್ಸಿ, ಹಾಗೇ ಟೈಪ್ ಮಾಡ್ಕೋತೀನಿ."

ನಾಲ್ಕು ಜನರೆದುರು ಬಾಯಿಯಿಂದ ಸದ್ದು ಹೊರಡಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರು. ನಾನು ಚಾಲಕನ ಕಡೆ ನೋಡಿದೆ. ಅವನು ಗಂಟಲು ಸರಿಪಡಿಸಿಕೊಂಡು, "ಗಲಗಲಗಲ," ಎಂದ.

"ಗಲಗಲನಾ, ಗಡಗಡನಾ?" ಎಂದಳು ಅವಳು.

ಕಾಯುತ್ತಿದ್ದ ತರಕಾರಿ ವ್ಯಾಪಾರಿ, "ಗಡಗಡ ಅಂದ್ರೆ ಗೇರ್ ಬಾಕ್ಸ್ ಕಣಮ್ಮ, ನಮ್ದು ಹಿಂಗೇ," ಎಂದು ಗಡಗಡಿಸಿ ತೋರಿಸಿದರು. ಪಕ್ಕದವರು, "ಅಲ್ಲ, ಬೇರಿಂಗ್ ಆದ್ರೆ ಹಿಂಗೆ," ಎಂದು ಮೂಗಿನಿಂದ ಕುಯ್ಯೆಂದರು. ಮೂಲೆಯಲ್ಲಿದ್ದ ವೃದ್ಧರೊಬ್ಬರು ಯಾರೂ ಕೇಳದಿದ್ದರೂ ಸೈಲೆನ್ಸರ್ ಒಡೆದದ್ದನ್ನು ಅಭಿನಯಿಸಿದರು. ಐದೇ ನಿಮಿಷದಲ್ಲಿ ಇಡೀ ಕೊಠಡಿ ಗಲಗಲ, ಗಡಗಡ, ಕುಯ್ ಎನ್ನುತ್ತಿತ್ತು.

ಒಳಗಿನಿಂದ ಮ್ಯಾನೇಜರ್ ಓಡಿ ಬಂದರು: "ಯಾವುದ್ರೀ ಆ ಗಾಡಿ? ಮೊದಲು ಇಂಜಿನ್ ಆಫ್ ಮಾಡಿ! ಸೀಜ್ ಆಗಿ ಕಚ್ಕೊಂಬಿಡುತ್ತೆ!"

೩. ಚಿಂತಾಮಣಿ

ಅಲ್ಲೂ ಸದ್ದಿನ ಮೂಲ ಸಿಗದಿದ್ದಾಗ, ಆ ತರಕಾರಿ ವ್ಯಾಪಾರಿಯೇ ಮುಂದಿನ ವಿಳಾಸ ಕೊಟ್ಟದ್ದು. ಚಿಂತಾಮಣಿಯಲ್ಲೊಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ವೈದ್ಯರಂತೆ ರೋಗ ಹೇಳುತ್ತಾರೆ ಎಂದಿದ್ದರು.

ಶುಕ್ರವಾರ ಅವರು ಹಾಗೆಯೇ ಮಾಡಿದರು. ಇಲ್ಲಿಯೂ ನಾನು ಎಲ್ಲವನ್ನೂ ಆರಿಸಿ ಮೌನ ವಿಧಿಸಿದ್ದೆ. ಮೇಸ್ತ್ರಿ ಕಣ್ಣು ಮುಚ್ಚಿ ಒಂದೊಂದೇ ಭಾಗವನ್ನು ಆಲಿಸಿದರು.

"ಅಮ್ಮಾ, ಇಂಜಿನ್ ಬಂಗಾರ. ಇನ್ನೂ ಹತ್ತು ವರ್ಷ ಓಡುತ್ತೆ."

ಅಷ್ಟರಲ್ಲಿ, ಚಕ್ರದ ಬಳಿ ಕುಕ್ಕುರು ಕುಳಿತಿದ್ದ ನಮ್ಮ ಚಾಲಕ ಎದ್ದು ನಿಂತ. ಲಟ್ ಎಂದಿತು. ಮೇಸ್ತ್ರಿಯವರ ಕಣ್ಣು ತೆರೆಯಿತು.

"ಇನ್ನೊಂದ್ಸಲ ಕೂತು ಏಳು."

ಕುಳಿತು ಎದ್ದ. ಲಟ್, ಲಟ್. ಮೇಸ್ತ್ರಿ ಸ್ಕ್ರೂಡ್ರೈವರನ್ನು ಚಾಲಕನ ಮೊಣಕಾಲಿಗೇ ಹಚ್ಚಿ ಆಲಿಸಿ, ಗಂಭೀರವಾಗಿ ತಲೆಯಾಡಿಸಿದರು.

"ಏನ್ ಸಾಹೇಬ್ರೇ, ಬದಲಾಯಿಸ್ಬೇಕಾ?" ಎಂದು ಚಾಲಕ ಅಂಜುತ್ತ ಕೇಳಿದ.

"ಅರೆ ಭಾಯ್, ನಿನ್ನ ಮಾಡೆಲ್‌ಗೆ ಪಾರ್ಟ್ ಬರೋದು ನಿಂತೋಯ್ತು. ಇರೋದ್ರಲ್ಲೇ ಓಡ್ಸು, ಮೆತ್ತಗೆ."

೪. ಶಿಡ್ಲಘಟ್ಟ

ಹಿಂದಿರುಗುವ ದಾರಿಯಲ್ಲಿ ನನಗೆ ಭರವಸೆ ಕಡಿಮೆಯಾಗಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಘಟಕ ನಡೆಸುವ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಚಹಾ ಕೊಟ್ಟು, ಗೂಡಿನ ಮಾರುಕಟ್ಟೆಯವರೆಗೆ ಬಿಡಿ ಎಂದು ಮುಂದಿನ ಆಸನದಲ್ಲಿ ಕುಳಿತಳು.

"ಅಯ್ಯೋ, ಏನ್ ಸೆಕೆ ಮೇಡಂ!" ಎಂದವಳೇ ನನ್ನ ಅನುಮತಿ ಕೇಳದೆ ಫ್ಯಾನ್ ಹಾಕಿದಳು.

ಗಲಗಲಗಲ.

ಚಾಲಕ ಬ್ರೇಕ್ ಒತ್ತಿದ. ಅವಳು ಕಿವಿಗೊಟ್ಟು ನಕ್ಕಳು. "ಮೇಡಂ, ಇದು ಗಾಡಿ ಸದ್ದಲ್ಲ. ಗೂಡಿನ ಸದ್ದು."

ಗೂಡು ಕೊಳ್ಳುವವರು ಒಂದೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಬಡಿದುಕೊಳ್ಳುವ ಸದ್ದಿನಿಂದ ಮಾಲು ಅಳೆಯುತ್ತಾರೆ. ಅವಳ ಕಿವಿ ಇಪ್ಪತ್ತು ವರ್ಷ ಅದನ್ನೇ ಕೇಳಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಫ್ಯಾನಿನ ಪೆಟ್ಟಿಗೆ ಬಿಚ್ಚಿದಾಗ ಹನ್ನೊಂದು ಒಣ ರೇಷ್ಮೆ ಗೂಡುಗಳು ಉದುರಿದವು. ನಮ್ಮ ಜೀಪು ನಿಲ್ಲುವುದು ಪಕ್ಕದವರ ಹುಳು ಸಾಕುವ ಮನೆಯ ಗೋಡೆಗೆ ಒತ್ತಿಕೊಂಡು. ಅಲ್ಲಿಯ ಇಲಿಯೊಂದು ಗೂಡುಗಳನ್ನು ಕದ್ದು ತಂದು ಇಲ್ಲಿ ಉಗ್ರಾಣ ಮಾಡಿಕೊಂಡಿತ್ತು. ದಾರಿಯಲ್ಲಿ ಹುಡುಗಿಯರೋ ನಾವೋ ಸೆಕೆಗೆ ಫ್ಯಾನ್ ಹಾಕಿದಾಗ ಸದ್ದು; ಮೆಕ್ಯಾನಿಕ್‌ಗಳ ಮುಂದೆ ನಾನು ಫ್ಯಾನ್ ಆರಿಸಿದಾಗ ಮೌನ. ಮೂರು ದಿನ ರೋಗವನ್ನು ಮುಚ್ಚಿಟ್ಟವಳು ನಾನೇ. ಇದನ್ನು ಒಪ್ಪಿಕೊಳ್ಳಬೇಕು.

ಅವಳು ಗೂಡುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ ಬೆರಗಾದಳು. "ಒಂದೂ ಜೊಳ್ಳಿಲ್ಲ ಮೇಡಂ! ಈ ಇಲೀನ ನಮಗೆ ಕೊಡಿ. ಗೂಡು ಆರಿಸೋದ್ರಲ್ಲಿ ನಮ್ಮ ಮನೆಯವರಿಗಿಂತ ವಾಸಿ."

೫. ನಗರಗೆರೆಯ ರಸ್ತೆ

ಶನಿವಾರ ಹನ್ನೊಂದೂ ಗೂಡುಗಳನ್ನು ಆ ತಂದೆಯ ಮುಂದೆ ಇಟ್ಟೆ. ಅವರು ಪರಿಶೀಲಿಸಿದರು, ಒಪ್ಪಿದರು, ಪೂರ್ತಿಯಾಗಿ ಒಪ್ಪಲಿಲ್ಲ.

"ಇಲಿ ಗೂಡು ತುಂಬಿದ್ದು ಸರಿ ಮೇಡಂ. ಇನ್ನೇನ್ ತುಂಬಿದ್ಯೋ! ಒಂದ್ ಕೆಲ್ಸ ಮಾಡ್ತೀನಿ. ನೀವು ಮುಂದೆ ಹೋಗಿ. ನಾನು ಟ್ರ್ಯಾಕ್ಟರ್‌ನಲ್ಲಿ ಹಗ್ಗ ಇಟ್ಕೊಂಡು ಹಿಂದೆ ಬರ್ತೀನಿ. ನಿಂತ್ರೆ ಎಳ್ಕೊಂಡು ಹೋಗೋಣ."

ಸೋಮವಾರ ಬೆಳಿಗ್ಗೆ, ಟ್ರ್ಯಾಕ್ಟರಿನ ವೇಗವನ್ನು ಲೆಕ್ಕ ಹಾಕಿ, ಒಂದು ಗಂಟೆ ಮುಂಚಿತವಾಗಿ ಹೊರಟೆವು. ಜೀಪು ಮೆಲ್ಲಗೆ ಮುಂದೆ, ಟ್ರ್ಯಾಕ್ಟರ್ ಹಿಂದೆ. ಅವರು ಅರ್ಧ ಎದ್ದು ನಿಂತು, ಕತ್ತು ಚಾಚಿ, ನಮ್ಮ ಚಕ್ರಗಳನ್ನೇ ನೋಡುತ್ತ ಬರುತ್ತಿದ್ದರು. ಅರ್ಧ ದಾರಿಯಲ್ಲಿ, ಕಿರಿದಾದ ಮೋರಿಯ ಮೇಲೆ, ಅವರ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ನಿಂತಿತು. ನನ್ನ ಜೀಪನ್ನು ಪರೀಕ್ಷಿಸುವ ಭರದಲ್ಲಿ ಅವರು ಡೀಸೆಲ್ ಹಾಕಿಸಲು ಮರೆತಿದ್ದರು.

"ಅಪ್ಪಾ, ಬಿಟ್ಟು ಬಾ, ಜೀಪ್ ಹತ್ತು," ಎಂದಳು ಮಗಳು.

"ರಸ್ತೆಗೆ ಅಡ್ಡ ನಿಂತೈತೆ, ಹೆಂಗ್ ಬಿಟ್ಟು ಬರ್ಲಮ್ಮ? ನೀವು ಹೋಗಿ."

"ನಿನ್ನ ಇಲ್ಲಿ ಬಿಟ್ಟು ಹೋಗಿ ನಾನೇನ್ ಬರೀಲಿ?" ಅವಳ ಕಣ್ಣು ತುಂಬಿತ್ತು.

ಗಡಿಯಾರ ನೋಡಿದೆ. ಇನ್ನೂ ಐವತ್ತು ನಿಮಿಷವಿತ್ತು. "ಹಗ್ಗ ಎಲ್ಲಿದೆ?" ಎಂದೆ.

ಪರೀಕ್ಷಾ ಕೇಂದ್ರದ ಬಾಗಿಲಿಗೆ ನಾವು ತಲುಪಿದಾಗ ಗಂಟೆಗೆ ಹದಿನೈದು ನಿಮಿಷ ಬಾಕಿಯಿತ್ತು. ನಿಂತಿದ್ದ ಪೋಷಕರೆಲ್ಲ ತಿರುಗಿ ನೋಡಿದರು: ಹದಿನಾಲ್ಕು ವರ್ಷದ ಜೀಪು, ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಟ್ರ್ಯಾಕ್ಟರ್, ಅದರ ಮೇಲೆ ಸ್ಟೀರಿಂಗ್ ಹಿಡಿದು ಮೆರವಣಿಗೆಯಂತೆ ಕುಳಿತ ತಂದೆ. ಹುಡುಗಿಯರು ನಗುತ್ತಲೇ ಇಳಿದು ಒಳಗೆ ಹೋದರು. ನಾಲ್ವರೂ ಬರೆದರು, ನಾಲ್ವರೂ ತೇರ್ಗಡೆಯಾದರು.

ಆ ತಂದೆ ಮಾತ್ರ ಕೆಳಗಿಳಿದು, ನೇರವಾಗಿ ನನ್ನ ಬಳಿ ಬಂದು, ದನಿ ತಗ್ಗಿಸಿ ಹೇಳಿದರು: "ತಪ್ಪು ತಿಳ್ಕೋಬೇಡಿ ಮೇಡಂ. ಮೋರಿಯಿಂದ ಇಲ್ಲೀವರ್ಗೂ ನಿಮ್ಮ ಜೀಪ್ ಹಿಂದ್ಗಡೆ ಕಿರ್ ಕಿರ್ ಅಂತ ಹೊಸ ಸದ್ದು ಬರ್ತಿತ್ತು. ಒಂದ್ಸಲ ಯಾರಿಗಾದ್ರೂ ತೋರ್ಸಿ."

"ಅದು ನಿಮ್ಮ ಹಗ್ಗ," ಎಂದೆ.

ಅಲ್ಲಿದ್ದವರು: ಚಾಲಕ ಮುನಿರಾಜು, ಪವಿತ್ರಾ, ಸಾನಿಯಾ, ಭಾಗ್ಯ, ಅಶ್ವಿನಿ, ಅಶ್ವಿನಿಯ ತಂದೆ ನಂಜುಂಡಪ್ಪ, ಮತ್ತು ನಾನು.