ಕೊಡೆ ಗುಮಾಸ್ತನ ಸರಿಯುತ್ತರಗಳು

ಅಕ್ಷರ ದುಂಡಗಿದ್ದದ್ದೇ ಅವನ ಪಾಲಿಗೆ ಶನಿಯಾಯಿತು. ಬಸ್ ಕಂಪನಿಯ ಕಳೆದ ವಸ್ತುಗಳ ಕಚೇರಿಯಲ್ಲಿ ಅವನದು ಹನ್ನೊಂದು ವರ್ಷದ ಸರ್ವೀಸು. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಕನ್ನಡಕಗಳಿಗೆ ಚೀಟಿ ಬರೆದು ಕಟ್ಟುವುದು ಕೆಲಸ. ಕೊಡೆಗಳೇ ಹೆಚ್ಚಾದ್ದರಿಂದ ಎಲ್ಲರೂ ಅವನನ್ನು ಕೊಡೆ ಗುಮಾಸ್ತ ಎನ್ನುತ್ತಿದ್ದರು. ಬರೆಯುವುದಷ್ಟೇ ಅವನದು, ಏನು ಬರೆಯಬೇಕೆಂದು ಹೇಳುವವರು ಸೂಪರಿಂಟೆಂಡೆಂಟ್ ಸಾಹೇಬರು. ಅವರು ಪಿಟೀಲು ನೋಡಿ "ಗಿಟಾರು, ಸಣ್ಣದು" ಎಂದರೆ ಇವನು ಹಾಗೆಯೇ ಬರೆಯಬೇಕು. ಪಿಟೀಲಿನವನು ಮೂರು ಸಲ ಬಂದು, ಪಟ್ಟಿಯಲ್ಲಿ ಪಿಟೀಲೇ ಇಲ್ಲವೆಂದು ಕಣ್ಣೊರೆಸಿಕೊಂಡು ಹೋದ. ಪಿಟೀಲು ಇನ್ನೂ ಅಟ್ಟದ ಮೇಲಿದೆ.

ಈ ಸಾಹೇಬರಿಂದ ಪಾರಾಗಲೆಂದು ಅವನು ಬಂದರಿನ ಶಾಖೆಗೆ ವರ್ಗ ಕೇಳಿದ್ದ. ಅಲ್ಲಿ ಮೇಲಧಿಕಾರಿ ಎನ್ನುವವರೇ ಇಲ್ಲ ಎಂದು ಕೇಳಿ ಬಾಯಲ್ಲಿ ನೀರೂರಿತ್ತು. ಅರ್ಜಿ ನಾಲ್ಕು ತಿಂಗಳಿಂದ ಸಾಹೇಬರ ಕೋಟಿನ ಜೇಬಿನಲ್ಲೇ ಬೆಚ್ಚಗಿತ್ತು. ಇವತ್ತೇ ಕಡೆಯ ದಿನ. ರಾತ್ರಿಯೊಳಗೆ ಸಹಿ ಬೀಳದಿದ್ದರೆ ಇನ್ನು ಐದು ವರ್ಷ ವರ್ಗದ ಮಾತು ಎತ್ತುವ ಹಾಗಿಲ್ಲ.

ಬೆಳಗ್ಗೆ ಸಾಹೇಬರೇ ಕರೆದರು.

"ಇವತ್ತು ಆರು ಗಂಟೆಗೆ ಡಿಪೋ ಎದುರಿನ ಬಾರಲ್ಲಿ ಕ್ವಿಜ್ ಇದೆ. ವರ್ಕ್‌ಶಾಪಿನವರು ನಾಲ್ಕು ಸಲದಿಂದ ಗೆದ್ದು ಮೆರೀತಿದಾರೆ. ಈ ಸಲ ಡೈರೆಕ್ಟರ್ ಮೇಡಂ ಬೇರೆ ಬರ್ತಾರೆ. ಉತ್ತರ ನಾನು ಹೇಳ್ತೀನಿ, ನೀನು ಬರಿ. ನಿನ್ನ ಅಕ್ಷರ ದುಂಡಗಿದೆ."

"ಸಾರ್, ನನ್ನ ಅರ್ಜಿ..."

"ಗೆದ್ದರೆ ಅಲ್ಲೇ ಮೇಜಿನ ಮೇಲೇ ಸಹಿ. ಸೋತರೆ ಹರಿದು ಬಿಸಾಕ್ತೀನಿ."

ಸಾಹೇಬರು ಉತ್ತರ ಹೇಳುವುದು, ತಾನು ಗೆಲ್ಲುವುದು. ಅರ್ಜಿ ಹರಿದ ಹಾಗೆಯೇ ಎಂದುಕೊಂಡು ಅವನು ಚೀಟಿ ಬರೆಯಲು ಹೋದ. ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಸಹಿ ಆಯ್ತಾ?"

"ಸಂಜೆ ಆಗಬಹುದು."

"ಆಗಬಹುದು ಏನು, ಆಗುತ್ತೆ. ಮನೆ ಓನರಿಗೆ ಖಾಲಿ ಮಾಡ್ತೀವಿ ಅಂತ ಹೇಳೇಬಿಟ್ಟೆ. ಹೊಸಬರು ಬಂದಿದಾರೆ, ಪರದೆಗೆ ಕಿಟಕಿ ಅಳತೆ ತಗೊಳ್ತಿದಾರೆ."

"ಇವತ್ತೊಂದಿನ ತಡೀಬಾರ್ದಿತ್ತಾ?"

"ಹನ್ನೊಂದು ವರ್ಷ ತಡೆದಿದ್ದು ಸಾಲದಾ? ದಿನಾ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಸಾಹೇಬರ ಪುರಾಣ ಕೇಳಿ ಕೇಳಿ ನನಗೂ ಸಾಕಾಗಿದೆ ಕಣ್ರೀ."

ಆರಕ್ಕೆ ಬಾರು ಗಿಜಿಗುಟ್ಟುತ್ತಿತ್ತು. ಸಾಹೇಬರ ತಂಡದಲ್ಲಿ ಇವನಲ್ಲದೆ ಇನ್ನಿಬ್ಬರು: ಕಚೇರಿಯ ಟೈಪಿಸ್ಟಮ್ಮ, ಮತ್ತೆ ಸಾಹೇಬರು ಏನೆಂದರೂ "ಹೌದಪ್ಪ" ಎನ್ನುವ ಗೋದಾಮಿನ ಮುದುಕ. ಅವನ ಹೆಸರೇ ಹೌದಪ್ಪ ಎಂದಾಗಿಹೋಗಿತ್ತು. ಮೂಲೆಯ ಮೇಜಿನಲ್ಲಿ ಡೈರೆಕ್ಟರ್ ಮೇಡಂ ಕಾಫಿ ಇಟ್ಟುಕೊಂಡು ಕೂತಿದ್ದರು. ಸಾಹೇಬರು ಅವರಿಗೆ ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡರು.

ಕ್ವಿಜ್ ನಡೆಸುವವನು ಮೈಕ್ ಹಿಡಿದ. "ಎಲ್ಲಕ್ಕಿಂತ ಬಿಸಿಯಾದ ಗ್ರಹ ಯಾವುದು?"

"ಬುಧ," ಎಂದರು ಸಾಹೇಬರು. "ಸೂರ್ಯನ ಪಕ್ಕದಲ್ಲೇ ಇದೆ. ಒಲೆ ಪಕ್ಕ ಕೂತವನಿಗೆ ತಾನೆ ಜಾಸ್ತಿ ಸೆಕೆ?"

"ಹೌದಪ್ಪ," ಎಂದ ಹೌದಪ್ಪ.

ಶುಕ್ರ ಎನ್ನುವುದು ಕೊಡೆ ಗುಮಾಸ್ತನಿಗೆ ಗೊತ್ತಿತ್ತು. ಜನ ಬಸ್ಸಿನಲ್ಲಿ ಕೊಡೆಯ ಜೊತೆ ಪುಸ್ತಕವನ್ನೂ ಮರೆಯುತ್ತಾರೆ. ಹನ್ನೊಂದು ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ಅವನು ಅವನ್ನೆಲ್ಲ ಓದಿ ಮುಗಿಸಿದ್ದ.

"ಸಾರ್, ಶುಕ್ರ ಅನ್ಸುತ್ತೆ."

"ನಿನ್ನ ಕೆಲಸ ಏನು?"

"ಬರೆಯೋದು ಸಾರ್."

"ಬರಿ ಮತ್ತೆ."

ಬರೆದ. ಮೊದಲ ಸುತ್ತು ಮುಗಿದಾಗ ವರ್ಕ್‌ಶಾಪಿನವರಿಗೆ ಹತ್ತಕ್ಕೆ ಎಂಟು, ಇವರಿಗೆ ಎರಡು. ಸಾಹೇಬರು ಇವನನ್ನು ನುಂಗುವ ಹಾಗೆ ನೋಡಿದರು. "ನೀನು ಬರೆದದ್ದು ಅವರಿಗೆ ಅರ್ಥ ಆಗಿಲ್ಲ ಕಣಯ್ಯಾ," ಎಂದರು. ಟೈಪಿಸ್ಟಮ್ಮ, "ನಾನಾಗಿದ್ರೆ ಟೈಪ್ ಮಾಡ್ಕೊಡ್ತಿದ್ದೆ ಸಾರ್," ಎಂದು ಒಗ್ಗರಣೆ ಹಾಕಿದಳು. ಸಾಹೇಬರು ಜೇಬಿನಿಂದ ಅರ್ಜಿ ತೆಗೆದು ಲೋಟದ ಕೆಳಗಿಟ್ಟರು. ಒದ್ದೆಯಾಗುತ್ತಿದ್ದ ತನ್ನ ಹೆಸರನ್ನು ನೋಡುತ್ತ ಅವನಿಗೆ ಅಳು ಒತ್ತರಿಸಿ ಬಂತು. ಮನೆ ಹೋಯಿತು, ಬಂದರಿನ ಶಾಖೆಯೂ ಹೋಯಿತು, ಇನ್ನು ಸಾಯುವವರೆಗೆ ಇದೇ ಗಿಟಾರು, ಸಣ್ಣದು.

ಎರಡನೇ ಸುತ್ತು, ಅದೇ ಕಡೆಯದು, ಶುರುವಾಯಿತು. "ಆಕ್ಟೋಪಸ್ಸಿಗೆ ಹೃದಯ ಎಷ್ಟು?"

"ಎಂಟು. ಕಾಲಿಗೊಂದು," ಎಂದರು ಸಾಹೇಬರು.

ಅವನು ಮೊಣಕೈ ಅಡ್ಡವಿಟ್ಟು "ಮೂರು" ಎಂದು ಬರೆದ. ಹನ್ನೊಂದು ವರ್ಷದಲ್ಲಿ ಇದೇ ಮೊದಲ ಸಲ ಅವನು ಸಾಹೇಬರು ಹೇಳದೆ ಇದ್ದದ್ದನ್ನು ಬರೆದದ್ದು. ಒಂಟೆಯ ಡುಬ್ಬದಲ್ಲಿ ಏನಿದೆ ಎಂದಾಗ ಸಾಹೇಬರು ನೀರು ಎಂದರು, ಇವನು ಕೊಬ್ಬು ಎಂದು ಬರೆದ. ಹೀಗೆ ಹತ್ತೂ ಬರೆದು, ಹಾಳೆಯನ್ನು ತಿದ್ದಲು ಮೈಕಿನವನಿಗೆ ಕೊಟ್ಟಮೇಲೆ ಅವನಿಗೆ ಹೊಳೆಯಿತು: ಸರಿಯುತ್ತರಗಳನ್ನು ಈಗ ಮೈಕಿನಲ್ಲಿ ಓದುತ್ತಾರೆ. ಸಾಹೇಬರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

"ಆಕ್ಟೋಪಸ್ಸಿಗೆ ಮೂರು ಹೃದಯ. ಕಳೆದ ವಸ್ತುಗಳ ತಂಡ, ಸರಿ."

ಅವನು ಕಣ್ಣು ಮುಚ್ಚಿದ.

"ನಾನು ಹೇಳಲಿಲ್ವಾ?" ಎಂದರು ಸಾಹೇಬರು.

"ಹೌದಪ್ಪ," ಎಂದ ಹೌದಪ್ಪ. ಟೈಪಿಸ್ಟಮ್ಮ, "ಸಾಹೇಬ್ರು ಕೇಳಿದ ತಕ್ಷಣ ಮೂರು ಅಂದ್ರು," ಎಂದಳು.

ಅವನು ಒಂದು ಕಣ್ಣು ತೆರೆದು ನೋಡಿದ. ಸಾಹೇಬರ ಮುಖದಲ್ಲಿ ಸುಳ್ಳಿನ ಸುಳಿವೇ ಇಲ್ಲ. ಕೊಬ್ಬು ಎಂದಾಗಲೂ ತಲೆದೂಗಿದರು. ಹತ್ತಕ್ಕೆ ಹತ್ತು ಬಂತು. ಗೆದ್ದೇಬಿಟ್ಟೆವೆಂದು ಬಿಯರಿನ ಮೂರನೇ ಜಗ್ ತರಿಸಿದ್ದ ವರ್ಕ್‌ಶಾಪಿನವರಿಗೆ ನಾಲ್ಕೇ. ಒಟ್ಟು ಹನ್ನೆರಡು, ಹನ್ನೆರಡು.

"ಸಮ ಆಗಿದೆ," ಎಂದ ಮೈಕಿನವನು. "ಕೊನೇ ಪ್ರಶ್ನೆ. ಬರೆಯೋ ಹಾಗಿಲ್ಲ, ಕ್ಯಾಪ್ಟನ್ನುಗಳು ಎದ್ದು ನಿಂತು ಬಾಯಲ್ಲೇ ಹೇಳಬೇಕು. ಜಿರಾಫೆಯ ಕುತ್ತಿಗೆಯಲ್ಲಿ ಎಷ್ಟು ಮೂಳೆ?"

ಕೊಡೆ ಗುಮಾಸ್ತನ ಜೀವ ಬಾಯಿಗೆ ಬಂತು. ವರ್ಕ್‌ಶಾಪಿನ ಫೋರ್‌ಮನ್ ಎದ್ದು ಇಪ್ಪತ್ತೈದು ಎಂದ, ತಪ್ಪಾಯಿತು. ಸಾಹೇಬರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಅಷ್ಟುದ್ದ ಕುತ್ತಿಗೆ. ನಲವತ್ತಾದರೂ ಇರಬೇಕು," ಎಂದು ಗೊಣಗಿದರು.

ಅವನು ಅವರ ಕೋಟು ಜಗ್ಗಿದ. "ಸಾರ್, ಈಗ ತಾನೆ ಏಳು ಅಂದ್ರಲ್ಲ."

"ಅಂದೆನಾ?"

"ಹೌದಪ್ಪ," ಎಂದ ಹೌದಪ್ಪ, ಅಭ್ಯಾಸಬಲದಿಂದ.

"ನನಗೂ ಸ್ಪಷ್ಟವಾಗಿ ಕೇಳಿಸ್ತು ಸಾರ್," ಎಂದಳು ಟೈಪಿಸ್ಟಮ್ಮ.

"ಏಳು," ಎಂದರು ಸಾಹೇಬರು, ಬಾರೆಲ್ಲ ಕೇಳುವ ಹಾಗೆ.

ಚಪ್ಪಾಳೆ ಬಿತ್ತು. ಸಾಹೇಬರು ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಒದ್ದೆ ಅರ್ಜಿಯನ್ನು ಬಿಡಿಸಿ, ಅಲ್ಲೇ ಮೇಜಿನ ಮೇಲೆ ಸಹಿ ಗೀಚಿದರು. ಕೊಡೆ ಗುಮಾಸ್ತ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿಬಂದಿತ್ತು.

ಅಷ್ಟರಲ್ಲಿ ಡೈರೆಕ್ಟರ್ ಮೇಡಂ ಎದ್ದು ಬಂದರು. ಅರ್ಜಿಯ ಮೇಲೆ ತಾವೂ ಒಂದು ಸಹಿ ಹಾಕಿ, ಸಾಹೇಬರ ಕಡೆ ತಿರುಗಿದರು.

"ಜಿರಾಫೆ ಕುತ್ತಿಗೆಗೆ ಏಳೇ ಮೂಳೆ ಅಂತ ಯಾರಿಗ್ರೀ ಗೊತ್ತಿರುತ್ತೆ? ಇಂಥವರನ್ನ ಚೀಟಿ ಕಟ್ಟಿಸಿಕೊಂಡು ಇಲ್ಲಿ ಕೂರಿಸಿದೀವಲ್ಲ. ಬಂದರಿನ ಶಾಖೆ ವರ್ಷದಿಂದ ಹೇಳೋರು ಕೇಳೋರಿಲ್ಲದೆ ಬಿದ್ದಿದೆ. ಸೋಮವಾರದಿಂದ ಅಲ್ಲಿಗೆ ನೀವೇ ಮುಖ್ಯಸ್ಥರು."

ಸಾಹೇಬರು ಕೊಡೆ ಗುಮಾಸ್ತನ ಹೆಗಲ ಮೇಲೆ ಕೈ ಹಾಕಿದರು. "ನಿನ್ನ ಬಿಟ್ಟು ಹೇಗಪ್ಪಾ ಇರೋದು ಅಂತ ನನಗೆ ಒಳಗೊಳಗೇ ಸಂಕಟ ಆಗ್ತಿತ್ತು," ಎಂದರು. ಅವರ ದನಿ ನಿಜಕ್ಕೂ ಒದ್ದೆಯಾಗಿತ್ತು.

"ಮೇಡಂ," ಎಂದ ಅವನು ಕ್ಷೀಣವಾಗಿ, "ಅರ್ಜಿ ವಾಪಸ್ ತಗೊಳ್ಳಬಹುದಾ?"

"ಇಬ್ಬರ ಸಹಿ ಬಿದ್ದಮೇಲೆ ಹೇಗಪ್ಪಾ ಆಗುತ್ತೆ?"

ಫೋನು ಹೊಡೆದುಕೊಂಡಿತು. "ಸಿಕ್ತಾ?" ಎಂದಳು ಹೆಂಡತಿ.

"ಸಿಕ್ತು."

"ನನಗೆ ಗೊತ್ತಿತ್ತು. ಭಾನುವಾರ ಖಾಲಿ ಮಾಡ್ತೀವಿ ಅಂತ ಹೊಸಬರಿಗೆ ಬರೆದುಕೊಟ್ಟೆ. ಬಂದರಲ್ಲಿ ಮನೆಯೂ ಗೊತ್ತಾಯ್ತು. ಒಂದು ರೂಮು ಖಾಲೀನೇ ಉಳಿಯುತ್ತೆ ಕಣ್ರೀ, ನೀವು ನೆಮ್ಮದಿಯಾಗಿ ಕೂತು ಓದ್ಕೋಬಹುದು."

ಅವಳ ದನಿ ಸಂತೋಷದಲ್ಲಿ ಸ್ವಲ್ಪ ಜೋರಾಗಿತ್ತು. ಸಾಹೇಬರು ಕೈ ಚಾಚಿ ಫೋನು ಇಸಿದುಕೊಂಡರು.

"ತಂಗೀ, ನನ್ನ ಹೆಂಡತಿ ಈ ಊರು ಬಿಟ್ಟು ಅಲ್ಲಾಡೋಳಲ್ಲ. ಆ ಖಾಲಿ ರೂಮು ನನಗಿರಲಿ. ಬೆಳಗ್ಗೆ ಆರಕ್ಕೆ ಒಂದು ಲೋಟ ಬಿಸಿನೀರು, ರಾತ್ರಿ ನಿಮ್ಮ ಜೊತೆ ಎರಡು ತುತ್ತು ಊಟ. ಬೇರೇನೂ ಬೇಡ ನನಗೆ."

ಫೋನು ವಾಪಸ್ಸು ಬಂತು.

"ಯಾರ್ರೀ ಅದು?" ಎಂದಳು ಹೆಂಡತಿ.

"ನಿಮ್ಮಣ್ಣ," ಎಂದು ಹೇಳಿ ಅವನು ಮೇಜಿನ ಮೇಲೆ ತಲೆಯಿಟ್ಟ.