ಕ್ಲಚ್ ಡಬ್ಬಿಗೆ ಶೇಂಗಾ ಎಣ್ಣೆ ಬಿದ್ದ ತಪ್ಪನ್ನು ಅಳಿಯನ ಹೆಸರಿಗೆ ಮಾಡಿಕೊಡುವ ಕುರಿತು

ಸ್ಥಳ: ಖಾಸಬಾಗ, ಬೆಳಗಾವಿ
ದಿನಾಂಕ: ಗುರುವಾರ (ಗಾಡಿ ರೆಡಿಯಾದ ಮರುದಿನ)

ಇಂದ:
ಕಲ್ಮೇಶ,
ಗ್ಯಾರೇಜಿನ ಮಾಲೀಕ, ಮುಖ್ಯ ಮೆಕ್ಯಾನಿಕ್ ಹಾಗೂ ಏಕೈಕ ಮೆಕ್ಯಾನಿಕ್,
ಖಾಸಬಾಗ, ಬೆಳಗಾವಿ.

ಗೆ:
ಶ್ರೀಮತಿ ಸತ್ಯವ್ವನವರು,
ಕಾಯಿಪಲ್ಲೆ ವ್ಯಾಪಾರಸ್ಥರು, ಪಿಕಪ್ ಗಾಡಿಯ ಒಡತಿ ಹಾಗೂ ಅರ್ಜಿದಾರನ ಹೆಂಡತಿಯ ತಾಯಿ,
ಪಾರಿಶ್ವಾಡ, ಖಾನಾಪುರ ತಾಲೂಕು.

ವಿಷಯ: ತಮ್ಮ ಗಾಡಿಯ ಕ್ಲಚ್ ಡಬ್ಬಿಗೆ ಶೇಂಗಾ ಎಣ್ಣೆ ಹಾಕಿದ ತಪ್ಪಿನಿಂದ ತಮ್ಮ ಹೆಸರು ಕಡಿಮೆ ಮಾಡಿ, ಅರ್ಜಿದಾರನ ಹೆಸರು ದಾಖಲಿಸುವ ಬಗ್ಗೆ.

ಉಲ್ಲೇಖ:
1) ಮಂಗಳವಾರ ಅರ್ಜಿದಾರನ ಗ್ಯಾರೇಜಿನ ಮುಂದೆ ತಾವು ನೀಡಿದ ಮೌಖಿಕ ಹೇಳಿಕೆ.
2) ತಮ್ಮ ಮಗಳು ತ್ರಿವೇಣಿಯವರು ರೊಟ್ಟಿ ಬಡಿಯುತ್ತ ಹೊರಡಿಸಿದ ಆದೇಶ.

ಮಾನ್ಯ ಅತ್ತೆಯವರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಅರ್ಜಿಯಲ್ಲಿ ಅರ್ಜಿದಾರನ ಯೋಗ್ಯತೆ ಮೊದಲು ಬರುವುದು ಪದ್ಧತಿ. ಆದ ಕಾರಣ ಬರೆಯಲಾಗಿದೆ, ಹೊಗಳಿಕೊಳ್ಳಲಿಕ್ಕಲ್ಲ. ಪೀರನವಾಡಿಯಲ್ಲಿ ಗಾಡಿ ಕೆಮ್ಮಿದರೆ ಖಾಸಬಾಗದಲ್ಲಿ ಚಹಾ ಕುಡಿಯುತ್ತಿರುವ ಅರ್ಜಿದಾರನಿಗೆ ಅದರ ರೋಗ ತಿಳಿಯುತ್ತದೆ. ಒಮ್ಮೆ ಲಾರಿಯೊಂದರ ಹಾರ್ನ್ ಕೇಳಿ, ಅದರ ಹಿಂದಿನ ಎಡಗಾಲಿಯಲ್ಲಿ ಮೊಳೆ ಇದೆಯೆಂದೂ ಚಾಲಕನಿಗೆ ಮನೆಯಲ್ಲಿ ಜಗಳವಾಗಿದೆಯೆಂದೂ ಹೇಳಿದ್ದು, ಎರಡೂ ಖರೆಯಾದವು. ಗ್ಯಾರೇಜಿನ ಬೋರ್ಡಿನ ಮೇಲೆ "ಶಬ್ದ ಕೇಳಿ ರೋಗ ಹೇಳಲಾಗುವುದು" ಎಂದು ಬರೆಸಿದ್ದು ಕೇವಲ ಸಾರ್ವಜನಿಕ ಮಾಹಿತಿಗಾಗಿ.

2. ಐವತ್ತೆಂಟನೆಯ ವಯಸ್ಸಿನಲ್ಲಿ ತಮಗೆ ಗಾಡಿ ಕಲಿಯುವ ಮನಸ್ಸಾಯಿತು. ಸಂತೆಗೆ ಹೊರಡುವ ಹೊತ್ತಿಗೆ ತಮ್ಮ ಮಗ ಮೈಲಾರಲಿಂಗ ಹೊದಿಕೆಯೊಳಗೆ ಇರುತ್ತಾರೆಂಬುದೇ ಅದಕ್ಕೆ ಕಾರಣ. "ಕಾಯಿಪಲ್ಲೆ ನಂದು, ಗಾಡಿ ನಂದು. ಇಂವಾ ಎದ್ದು ಮಾರಿ ತೊಳಕೊಳ್ಳೂತನಾ ಮೆಂತ್ಯಾ ಬಾಡಿಸ್ಕೋತ ಕುಂದರ್ಲೇನು?" ಎಂದು ತಾವು ಕೇಳಿದಿರಿ. ಕಲಿಸುವ ಹೊಣೆಯನ್ನು ಅರ್ಜಿದಾರನೇ ಹೊತ್ತನು. ಮೊದಲ ಭಾನುವಾರ ಪೀರನವಾಡಿಯ ಬಯಲಿನಲ್ಲಿ ಗಾಡಿ ಕಪ್ಪೆಯಂತೆ ಜಿಗಿಯಿತು. ಮೂರನೆಯ ಭಾನುವಾರ, ಡ್ಯಾಶ್‌ಬೋರ್ಡಿನ ಮೇಲಿಟ್ಟ ತುಂಬಿದ ಚಹಾದ ಕಪ್ಪು ತುಳುಕದಂತೆ ಗೇರ್ ಬದಲಾಯಿತು. ತಮ್ಮ ಕಾಲಿನಲ್ಲಿ ಸ್ವಲ್ಪ ಗುಣವಿದ್ದುದೂ ನಿಜ, ಮಿಕ್ಕಿದ್ದೆಲ್ಲ ಗುರುವಿನದು. ಬರುವ ಸೋಮವಾರ ತಮ್ಮ ಲೈಸೆನ್ಸಿನ ಪರೀಕ್ಷೆ ಇರುವುದನ್ನು ಇಲ್ಲಿ ವಿಶೇಷವಾಗಿ ನಮೂದಿಸಿದೆ.

3. ಸದರಿ ತಪ್ಪು ಹುಟ್ಟಿದ್ದು ಹೋದ ಭಾನುವಾರದ ಹಿಂದಿನ ಭಾನುವಾರ. ಪಾರಿಶ್ವಾಡದಲ್ಲಿ ಹೋಳಿಗೆ ಊಟ ಮಾಡಿದ ಅರ್ಜಿದಾರನು, ಉಂಡ ಮನೆಗೆ ಒಂದು ಸೇವೆಯಾಗಲೆಂದು ಗಾಡಿಯ ಬಾನೆಟ್ ಎತ್ತಿದನು. ಕ್ಲಚ್ ಡಬ್ಬಿಯಲ್ಲಿ ಬ್ರೇಕ್ ಆಯಿಲ್ (ಕ್ಲಚ್ಚಿಗೂ ಅದೇ ಆಯಿಲ್) ಒಂದು ಬೆರಳು ಕಡಿಮೆಯಿತ್ತು. ಅರ್ಜಿದಾರನ ಚೀಲದಲ್ಲಿ ಎರಡು ನೀರಿನ ಬಾಟಲಿಗಳಿದ್ದವು. ಒಂದರಲ್ಲಿ ಬ್ರೇಕ್ ಆಯಿಲ್. ಇನ್ನೊಂದರಲ್ಲಿ ತಾವು ಗಾಣಕ್ಕೆ ಹಾಕಿಸಿ ಮಗಳಿಗೆಂದು ಕೊಟ್ಟ ಶೇಂಗಾ ಎಣ್ಣೆ. ಎರಡೂ ಹಳದಿ. ಬಾಟಲಿಗೆ ಚೀಟಿ ಅಂಟಿಸುವ ಚಟ ಅರ್ಜಿದಾರನಿಗಿಲ್ಲ. "ನನ್ನ ಕಣ್ಣಿಗೆ ಚೀಟಿ ಬೇಕೇನ್ರಿ?" ಎಂದು ಆತ ಅಂದು ತಮ್ಮೆದುರಿಗೇ ಕೇಳಿದ್ದು ತಮ್ಮ ನೆನಪಿನಲ್ಲಿರಬಹುದು. ಇರದಿದ್ದರೆ ಒಳ್ಳೆಯದು.

4. ಡಬ್ಬಿಗೆ ಬಿದ್ದ ಶೇಂಗಾ ಎಣ್ಣೆ ಕೂಡಲೇ ಏನೂ ಮಾಡಲಿಲ್ಲ. ಒಳಗಿನ ರಬ್ಬರ್ ವಾಷರುಗಳು ಎಂಟು ದಿನ ಅದನ್ನು ಕುಡಿದು ನಿಧಾನವಾಗಿ ದಪ್ಪಗಾದವು. ಒಂಬತ್ತನೆಯ ದಿನ, ಸೋಮವಾರ, ಪಾರಿಶ್ವಾಡದ ಬಸ್ ನಿಲ್ದಾಣದ ಮುಂದೆ ತಾವು ಒತ್ತಿದ ಕ್ಲಚ್ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಗೇರ್ ಬೀಳದೆ ಕರಕರ ಹಲ್ಲು ಕಡಿಯಿತು. ಬಾಜುವಿನಲ್ಲಿ ಕುಳಿತಿದ್ದ ಮೈಲಾರಲಿಂಗ, "ಅವ್ವಾ, ನೀ ಕ್ಲಚ್ ಮ್ಯಾಲ ಕಾಲಿಟ್ಟು ನಿದ್ದಿ ಮಾಡಿದರ ಮತ್ತೇನಾಕ್ಕೈತಿ?" ಎಂದರು. ನಿದ್ದೆಯ ವಿಷಯದಲ್ಲಿ ಅವರ ಅನುಭವ ದೊಡ್ಡದು. ಟ್ರ್ಯಾಕ್ಟರಿಗೆ ಕಟ್ಟಿದ ಗಾಡಿ ಖಾಸಬಾಗ ಸೇರಿತು.

5. ಅರ್ಜಿದಾರನು ಕಿವಿಗೊಟ್ಟು ಕೇಳಿ, "ಕ್ಲಚ್ ಪ್ಲೇಟ್ ಸುಟ್ಟೈತಿ. ಕಲಿಯೋರ ಕಾಲು, ಅತ್ತೀ, ಏನ ಮಾಡೂದು!" ಎಂದನು. ಹತ್ತು ಜನ ಕೇಳುವಂತೆ ಹೇಳಿದನು. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಪ್ಲೇಟ್ ನಿನ್ನೆ ಅಂಗಡಿಯಿಂದ ತಂದಂತಿತ್ತು. ಡಬ್ಬಿಯ ಮುಚ್ಚಳವೊಂದನ್ನು ತಿರುವಿ ನೋಡಿದ್ದರೆ ಅದರೊಳಗಿನ ರಬ್ಬರ್ ಹಪ್ಪಳದಂತೆ ಉಬ್ಬಿರುವುದು ಯಾರಿಗಾದರೂ ಕಾಣುತ್ತಿತ್ತು. ಆದರೆ ಕಿವಿ ಇಷ್ಟು ಚುರುಕಾಗಿರುವವನು ಮುಚ್ಚಳ ಏಕೆ ತೆಗೆಯಬೇಕು? ಆದ ಕಾರಣ ತೆಗೆಯಲಿಲ್ಲ.

6. ಮಂಗಳವಾರ ಗೇರ್‌ಬಾಕ್ಸ್ ಮರಳಿ ಕೂರಿಸಿದ ಬಳಿಕವೂ ಪೆಡಲ್ ಮೇಲೆ ಬರದಿರಲು, "ಪೈಪಿನ್ಯಾಗ ಗಾಳಿ ಹಿಡದೈತಿ, ತೆಗೀತೀನಿ" ಎಂದು ಅರ್ಜಿದಾರನು ಗಾಡಿಯ ಕೆಳಗೆ ತೂರಿಕೊಂಡನು. ಈ ಕೆಲಸಕ್ಕೆ ಮೇಲೆ ಪೆಡಲ್ ಒತ್ತಲು ಒಬ್ಬರು ಬೇಕು. ತಾವೇ ಸೀರೆಯ ನೆರಿಗೆ ಸಿಕ್ಕಿಸಿ ಸ್ಟೇರಿಂಗ್ ಮುಂದೆ ಕುಳಿತಿರಿ.

"ಒತ್ರಿ ಅತ್ತೀ!"

"ಒತ್ತೀನಿ."

"ಹಿಡೀರಿ!"

"ಹಿಡದೀನಿ. ಇದು ತಾನಾಗೇ ಕೆಳಗ ಕುಂತೈತಿ, ನಾ ಹಿಡದ್ರೇನು ಬಿಟ್ರೇನು."

ಆ ಹೊತ್ತಿನಲ್ಲಿ ಅರ್ಜಿದಾರನು ಇಂಥ ಗಾಳಿಯನ್ನು ತಾನು ಎಷ್ಟು ಸಾವಿರ ಗಾಡಿಗಳಿಂದ ಓಡಿಸಿದ್ದೇನೆಂಬುದನ್ನು ಸುತ್ತಲಿನವರಿಗೆ ವಿವರಿಸುತ್ತಿದ್ದುದರಿಂದ ಅವನ ಬಾಯಿ ತೆರೆದಿತ್ತು. ಕೆಳಗಿನ ಸಿಲಿಂಡರಿನಲ್ಲಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದ ಕೂಡಲೇ ಪೈಪಿನಲ್ಲಿದ್ದುದು ನೇರವಾಗಿ ಆ ಬಾಯಿಗೇ ಬಿತ್ತು. ಉಗುಳುವ ಮೊದಲು ನಾಲಿಗೆಗೆ ಶೇಂಗಾದ ರುಚಿ ತಗಲಿತು. ಇಪ್ಪತ್ತು ವರ್ಷಗಳ ಕಸುಬಿನಲ್ಲಿ ಅರ್ಜಿದಾರನು ಮಾತು ನಿಲ್ಲಿಸಿದ್ದು ಅದೇ ಮೊದಲು.

7. ಪಕ್ಕದ ಗ್ಯಾರೇಜಿನ ಅಜಿಂಕ್ಯ ಮೂಗು ಅರಳಿಸಿ, "ಕಲ್ಮೇಶ ಭಾವು, ಗಾಡ್ಯಾಗ ಭಜಿ ಕರದೀರೇನು? ಯಾರು ಹಾಕಿದ್ರು ಈ ಎಣ್ಣಿ?" ಎಂದು ಕೇಳಿದನು. ಸುತ್ತ ನಿಂತವರು ನಗಲು ಸಿದ್ಧರಾಗಿ ಅರ್ಜಿದಾರನನ್ನು ನೋಡಿದರು. ಅರ್ಜಿದಾರನು ಗಾಡಿಯ ಕೆಳಗಿನಿಂದ ಹೊರಬರಲಿಲ್ಲ. ಆಗ ಮೇಲಿನಿಂದ ತಮ್ಮ ಧ್ವನಿ ಕೇಳಿಸಿತು.

"ನಾನ ಹಾಕೀನ್ರಿ. ದೇವರ ದೀಪಕ್ಕ ಎಣ್ಣಿ ಹಾಕಿ ಬಂದಿದ್ದೆ, ಕೈಯಾಗ ಉಳದಿತ್ತು. ಈ ಡಬ್ಬಿನೂ ಖಾಲಿ ಕಂಡಿತು, ಹಾಕಿದೆ."

ಜನ ನಕ್ಕರು. ಅಜಿಂಕ್ಯ ಹೊಟ್ಟೆ ಹಿಡಿದುಕೊಂಡು ನಕ್ಕನು. ತಮ್ಮ ಜೊತೆ ಬಂದಿದ್ದ ಮೈಲಾರಲಿಂಗ ನಗಲಿಲ್ಲ, "ಇನ್ನ ಮ್ಯಾಲ ನೀ ಗಾಡಿ ಮುಟ್ಟಬ್ಯಾಡವಾ. ಪರೀಕ್ಷಾನೂ ಬ್ಯಾಡ, ಏನೂ ಬ್ಯಾಡ" ಎಂದರು. ಅರ್ಜಿದಾರನು ಆಗಲೂ ಹೊರಬರಲಿಲ್ಲ.

8. ಜನ ಚದುರಿದ ಮೇಲೆ ತಾವು ಬಗ್ಗಿ, ಕೆಳಗಿದ್ದ ಅರ್ಜಿದಾರನಿಗೆ ಮಾತ್ರ ಕೇಳುವಂತೆ ಹೇಳಿದ್ದು ಹೀಗೆ: "ನಮ್ಮ ಹೊಲದ ಎಣ್ಣಿ ವಾಸನಿ ನನಗ ಗೊತ್ತಾಗೂದಿಲ್ಲೇನು, ಅಳಿಯಾರ? ಇರ್ಲಿ ಬಿಡ್ರಿ. ನನ್ನ ಹೆಸರಿಗೆ ಬೋರ್ಡ್ ಇಲ್ಲ, ನಿಮ್ಮ ಹೆಸರಿಗೆ ಐತಿ."

9. ಅಂದಿನಿಂದ ತಾವು ಗಾಡಿಯ ಮಾತೆತ್ತಿಲ್ಲ. ಕಲಿಕಾ ಲೈಸೆನ್ಸನ್ನು ದೇವರ ಜಗಲಿಯ ಮೇಲಿಂದ ತೆಗೆದು ಟ್ರಂಕಿನೊಳಗೆ ಇಟ್ಟಿದ್ದೀರೆಂದು ತ್ರಿವೇಣಿ ವರದಿ ಮಾಡಿದ್ದಾರೆ. ಅರ್ಜಿದಾರನು ನಿಜ ಹೇಳಲು ತಮಗೆ ಮೂರು ಸಲ ಫೋನ್ ಮಾಡಿದನು. ಮೂರೂ ಸಲ ಪೀಠಿಕೆಯಲ್ಲಿ ತನ್ನ ಅನುಭವದ ಬಗ್ಗೆ ಎರಡು ಮಾತು ಹೇಳಲು ಹೋದನು, ಆ ಎರಡು ಮಾತು ಮುಗಿಯುವ ಹೊತ್ತಿಗೆ ತಾವು ಅಡಿಗೆಗೆ ಎದ್ದು ಹೋಗಿದ್ದಿರಿ. ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡುವ ತ್ರಿವೇಣಿ ಇದನ್ನೆಲ್ಲ ಕೇಳಿಸಿಕೊಂಡು, "ಬಾಯಿಲೆ ಹೇಳಿದರ ನೀವು ತಪ್ಪನೂ ಬಹುಮಾನ ಬಂದಂಗ ಹೇಳ್ತೀರಿ. ಬರದ ಕೊಡ್ರಿ, ನಾ ಒಯ್ದು ಕೊಡ್ತೀನಿ. ಅಲ್ಲೀತನಾ ರೊಟ್ಟಿ ಇಲ್ಲ" ಎಂದರು. ಈ ಅರ್ಜಿಯನ್ನು ಖಾಲಿ ಹೊಟ್ಟೆಯಲ್ಲಿ ಬರೆಯಲಾಗಿದೆ.

10. ಗಾಡಿ ಈಗ ಸರಿಯಾಗಿದೆ. ಮೇಲಿನ ಹಾಗೂ ಕೆಳಗಿನ ಸಿಲಿಂಡರುಗಳ ರಬ್ಬರುಗಳನ್ನೂ ಪೈಪನ್ನೂ ಹೊಸದಾಗಿ ಹಾಕಿ, ಒಳಗನ್ನೆಲ್ಲ ತೊಳೆದು, ಗಾಳಿ ತೆಗೆಯಲಾಗಿದೆ. ಈ ಸಲ ಮೇಲೆ ಕುಳಿತು ಪೆಡಲ್ ಒತ್ತಿದವನು ಅಜಿಂಕ್ಯ. ಅವನಿಗೆ ನಿಜ ಹೇಳಿದ ಮೇಲೆಯೇ ಒತ್ತಿಸಿಕೊಳ್ಳಲಾಗಿದೆ. ಆತ ಅರ್ಧ ತಾಸು ನಕ್ಕ ಕಾರಣ ಕೆಲಸ ತಡವಾಯಿತು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು:

ಅ) ಮಂಗಳವಾರದ ಹೇಳಿಕೆಯನ್ನು ವಾಪಸ್ ಪಡೆದು, ಸದರಿ ತಪ್ಪನ್ನು ಯಾರ ತಕರಾರೂ ಇಲ್ಲದೆ ಅರ್ಜಿದಾರನ ಹೆಸರಿಗೆ ಮಾಡಿಕೊಡಬೇಕು. ಅದು ಪೂರ್ತಿ ಅವನ ಸ್ವಂತ ದುಡಿಮೆಯದು. ಪಾಲು ಕೇಳುವ ಹಕ್ಕು ತಮಗಿಲ್ಲ.

ಆ) "ಕಲಿಯೋರ ಕಾಲು" ಎಂಬ ಮಾತನ್ನು ಕಡತದಿಂದ ತೆಗೆದುಹಾಕಬೇಕು. ಆ ಕಾಲಿನಲ್ಲಿ ಯಾವ ದೋಷವೂ ಕಂಡುಬಂದಿಲ್ಲ.

ಇ) ಶುಕ್ರವಾರ ಬಸ್ಸಿನಲ್ಲಿ ಖಾಸಬಾಗಕ್ಕೆ ಬಂದು, ತಮ್ಮ ಗಾಡಿಯನ್ನು ತಾವೇ ಪಾರಿಶ್ವಾಡದವರೆಗೆ ನಡೆಸಿಕೊಂಡು ಹೋಗಬೇಕು. ಲೈಸೆನ್ಸ್ ಉಳ್ಳ ಒಬ್ಬರು ಬಾಜುವಿನಲ್ಲಿ ಇರಲೇಬೇಕೆಂಬ ನಿಯಮವಿರುವ ಕಾರಣ ಅರ್ಜಿದಾರನು ಎಡಗಡೆ ಕುಳಿತುಕೊಳ್ಳುತ್ತಾನೆ. ಬಾಯಿ ಮುಚ್ಚಿಕೊಂಡು.

ತಮ್ಮ ವಿಶ್ವಾಸಿ
(ವಿಶ್ವಾಸ ತಮ್ಮ ಕಡೆ ಇನ್ನೂ ಉಳಿದಿದ್ದಲ್ಲಿ),
ಕಲ್ಮೇಶ

ಲಗತ್ತುಗಳು:
1) ಹಪ್ಪಳದಂತೆ ಉಬ್ಬಿದ ರಬ್ಬರ್ – ಒಂದು (ಮೂಲ ಪ್ರತಿ).
2) ಗ್ಯಾರೇಜಿನ ಬೋರ್ಡಿನ ಹೊಸ ಫೋಟೋ. "ಶಬ್ದ ಕೇಳಿ" ಎಂಬುದರ ಕೆಳಗೆ "ಮತ್ತು ಮುಚ್ಚಳ ತೆಗೆದು ನೋಡಿ" ಎಂದು ಸೇರಿಸಲಾಗಿದೆ. ಅಕ್ಷರ ಸಣ್ಣದಾಗಿದೆ, ಬೋರ್ಡಿನಲ್ಲಿ ಜಾಗವಿರಲಿಲ್ಲ.
3) ಗಾಡಿಯ ಕೀಲಿಕೈ – ಒಂದು.

ಪ್ರತಿ:
1) ಶ್ರೀ ಮೈಲಾರಲಿಂಗ, ಎದ್ದ ನಂತರ ಓದಿ ಅವ್ವನಲ್ಲಿ ಕ್ಷಮೆ ಕೇಳುವ ಸಲುವಾಗಿ.
2) ಶ್ರೀ ಅಜಿಂಕ್ಯ, ಗ್ಯಾರೇಜಿನ ಮುಂದೆ ಹತ್ತು ಜನ ಸೇರಿದಾಗ ಗಟ್ಟಿಯಾಗಿ ಓದುವ ಸಲುವಾಗಿ.
3) ಶ್ರೀಮತಿ ತ್ರಿವೇಣಿ, ರೊಟ್ಟಿಯ ಬಗ್ಗೆ ಮುಂದಿನ ಕ್ರಮಕ್ಕಾಗಿ.

ವಿ.ಸೂ.: ಮನೆಯಲ್ಲಿ ಶೇಂಗಾ ಎಣ್ಣೆ ತೀರಿದೆ. ಶುಕ್ರವಾರ ಬರುವಾಗ ಒಂದು ಬಾಟಲಿ ತರಬೇಕಾಗಿ ವಿನಂತಿ. ಚೀಟಿಯನ್ನು ಅರ್ಜಿದಾರನೇ ಬರೆದು ಈ ಲಕೋಟೆಯಲ್ಲಿ ಇಟ್ಟಿದ್ದಾನೆ. ತಾವು ಅಂಟಿಸಿದರೆ ಸಾಕು.